ಹುಲ್ಲಿನ ಟ್ರ್ಯಾಕ್ಟರಿನ ಹಿಂದೆ ಆಡಿದ ಮಾತು

ದೆವ್ವ, ಗಾಳಿ, ಶಕುನ ಇಂಥವನ್ನು ನಾನು ಯಾವತ್ತೂ ನಂಬಿದವನಲ್ಲ. ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನಿಗೆ ನಂಬಲು ಪುರಸೊತ್ತಾದರೂ ಎಲ್ಲಿತ್ತು? ಲಿಂಗಸುಗೂರು, ಮಸ್ಕಿ, ಸಿಂಧನೂರು. ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನನ್ನ ಸರ್ವಿಸ್ ಮುಗಿಯಿತು. ಒಮ್ಮೆ ಗುರುಗುಂಟಾದ ಹಿರಿಯರೊಬ್ಬರು, ಹಳ್ಳದ ಸೇತುವೆಯ ಹತ್ತಿರ ಬಿಳಿ ಸೀರೆಯ ಹೆಂಗಸೊಬ್ಬಳು ನಿಂತಿರುತ್ತಾಳೆ ಎಂದು ಅಕ್ಕಪಕ್ಕದ ಸೀಟಿನವರಿಗೆಲ್ಲ ಹೇಳುತ್ತಿದ್ದರು. “ಕೈ ಮಾಡಿದ್ರ ಹೇಳ್ರಿ ಯಜಮಾನ್ರ, ನಿಲ್ಲಸಿ ಟಿಕೆಟ್ ಕೊಡೂಣು” ಎಂದೆ. ಬಸ್ಸೆಲ್ಲ ನಕ್ಕಿತು. ಅವರು ಇಳಿಯುವವರೆಗೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅಂಥ ನಾನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಒತ್ತಾಯವಿಲ್ಲ.

ಮೊದಲು ನಮ್ಮ ಕೆಲಸದ ಎರಡು ಮಾತು ಹೇಳಿಬಿಡುತ್ತೇನೆ, ನಿಮಗೆ ಗೊತ್ತಿರುವವೇ. ಬಸ್ಸು ಹೊರಡಬೇಕಾದರೆ ಕಂಡಕ್ಟರ್ “ರೈಟ್ ರೈಟ್” ಎನ್ನುತ್ತಾನೆ. ನಿಲ್ಲಬೇಕಾದರೆ “ಹೋಲ್ಡಾನ್” ಎನ್ನುತ್ತಾನೆ. ರೈಟ್ ಎನ್ನುವುದು ಎರಡು ಸಲ, ಹೋಲ್ಡಾನ್ ಒಂದೇ ಸಲ. ಹೀಗೆಂದು ಯಾರೂ ಕಲಿಸಿದ್ದಲ್ಲ, ರೂಢಿ. ಆ ರೂಢಿ ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. “ಚಾ ಇಡ್ಲೇನ್ರೀ?” ಎಂದು ನನ್ನ ಹೆಂಡತಿ ನೀಲಮ್ಮ ಅಡುಗೆಮನೆಯಿಂದ ಕೇಳಿದರೆ ನನ್ನ ಬಾಯಿಂದ ಬರುತ್ತಿದ್ದದ್ದು “ರೈಟ್ ರೈಟ್”. ಯಾರೇನು ಕೇಳಿದರು ಎಂಬುದು ತಲೆಗೆ ಹೋಗುವ ಮೊದಲೇ ನಾಲಿಗೆ ತನ್ನ ಕೆಲಸ ಮುಗಿಸಿರುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ಶಿವಲೀಲಾ ಏಳು ತಿಂಗಳ ಬಸುರಿ. ಸಿಂಧನೂರಿನಲ್ಲಿ ಅವಳ ಗಂಡನ ಮನೆಯವರು ಕುಬಸದ ಕಾರ್ಯ ಮಾಡಿ, ಚೊಚ್ಚಲ ಹೆರಿಗೆಗೆ ನಮ್ಮೂರು ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಎಂದರು. ಬಸ್ಸಿನಲ್ಲಿ ಬೇಡ, ನಾನೇ ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದು ಅಳಿಯಂದಿರು ಹೊರಟರು. ಅವರದು ಬೀಜ, ಗೊಬ್ಬರದ ಅಂಗಡಿ. ಮಾತು ಬಹಳ ಮೆತ್ತಗೆ. ಆದರೆ ಸ್ಟೇರಿಂಗ್ ಹಿಡಿದರೆಂದರೆ ಬೇರೆಯೇ ಮನುಷ್ಯ. ಮುಂದೊಂದು ಗಾಡಿ ಇದೆ ಎಂದರೆ ಅದು ಅವರಿಗೆ ಅವಮಾನ ಮಾಡಿದಂತೆ. ಊರು ದಾಟುವುದರೊಳಗೆ ಎರಡು ಆಟೋ, ಒಂದು ಲಾರಿ, ಭತ್ತ ಕೊಯ್ಯುವ ಒಂದು ದೊಡ್ಡ ಮಷೀನು ಹಿಂದೆ ಬಿದ್ದವು. ಲಾರಿ ದಾಟುವಾಗ ಎದುರಿನ ಬೈಕಿನವನು ರಸ್ತೆ ಬಿಟ್ಟು ಮಣ್ಣಿಗೆ ಇಳಿದು ಬೈದದ್ದು ನನಗೆ ಕೇಳಿಸಿತು.

ಇದೇ ಕೆಲಸವನ್ನು ನಮ್ಮ ಡ್ರೈವರ್ ಮಾಡಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆದರೆ ಅಳಿಯಂದಿರಿಗೆ ಏನು ಹೇಳುವುದು? ಮಗಳು ಕೊಟ್ಟ ಮನೆ. ಹೇಳಿದರೆ ಮಾವ ತಪ್ಪು ಎಣಿಸಲು ಬಂದ ಎಂದಾಗುತ್ತದೆ. ಹಿರಿಯರೆಂದು ನನ್ನನ್ನು ಮುಂದೆ ಎಡಗಡೆ ಕೂರಿಸಿದ್ದರು. ತಾಯಿ, ಮಗಳು ಹಿಂದೆ. ನೀಲಮ್ಮ ಹಿಂದಿನಿಂದ ಎರಡು ಸಲ ನನ್ನ ಭುಜ ಚಿವುಟಿದಳು. ನಾನು ಕಿಟಕಿಯ ಆಚೆ ಭತ್ತದ ಗದ್ದೆ ನೋಡುತ್ತ ಕೂತೆ. ಬಿಡಿಸಿ ಹೇಳಬೇಕೆಂದರೆ, ಮರ್ಯಾದೆಗೆ ಹೆದರಿ ಮಗಳ ಜೀವವನ್ನು ಪಣಕ್ಕಿಟ್ಟು ಕೂತಿದ್ದೆ.

ಮಧ್ಯಾಹ್ನ ಮೂರೂವರೆ ನಾಲ್ಕರ ಹೊತ್ತು, ಚೆನ್ನಾಗಿ ಬಿಸಿಲಿತ್ತು. ಮಸ್ಕಿ ಇನ್ನೂ ಏಳೆಂಟು ಕಿಲೋಮೀಟರ್ ಇತ್ತು. ಬಳಗಾನೂರು ಕಡೆಯಿಂದ ಬಂದದ್ದಿರಬೇಕು, ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ಸುಗ್ಗಿ ಮುಗಿಯುವಾಗ ಅಂಥ ಟ್ರ್ಯಾಕ್ಟರುಗಳು ನಮ್ಮ ಕಡೆಯ ಒಣಭೂಮಿ ಹಳ್ಳಿಗಳಿಗೆ ದನದ ಮೇವು ಒಯ್ಯುತ್ತವೆ. ಹುಲ್ಲು ಎರಡೂ ಕಡೆ ಚಾಚಿಕೊಂಡು ಅರ್ಧ ರಸ್ತೆಗಿಂತ ಹೆಚ್ಚು ಹಿಡಿದಿತ್ತು. ಹಿಂದೆ ಯಾರಿದ್ದಾರೆಂದು ಅದರ ಡ್ರೈವರನಿಗೆ ಕಾಣುವಂತಿರಲಿಲ್ಲ, ಮುಂದೆ ಏನಿದೆ ಎಂದು ನಮಗೂ ಕಾಣುವಂತಿರಲಿಲ್ಲ. ಅಳಿಯಂದಿರು ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಕಾಲುವೆ ದಾಟಿದ ಮೇಲೆ ರಸ್ತೆ ಎಡಕ್ಕೆ ತಿರುಗುತ್ತದೆ. ಅಂಥ ತಿರುವಿನಲ್ಲಿ ಮುಂದಿನ ರಸ್ತೆ ಕಂಡರೆ ಎಡಗಡೆ ಕೂತವನಿಗೇ ಕಾಣಬೇಕು.

ಅಳಿಯಂದಿರು ಕಾರಿನ ಮೂತಿಯನ್ನು ಬಲಕ್ಕೆ ಹೊರಗೆ ಹಾಕುತ್ತ ಕೇಳಿದರು: “ಮಾವಾರ, ನಿಮ್ ಕಡಿಂದ ಕಾಣತೈತೇನ್ರಿ? ಹೋಗ್ಲೇನ್ರಿ?”

ನನಗೆ ಹುಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ನಾನು “ರೈಟ್ ರೈಟ್” ಎಂದೆ.

ಇದನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. ಎನ್ನಬೇಕೆಂದಿದ್ದೆ ಎಂದಲ್ಲ, ಮನಸ್ಸಿನಲ್ಲಿ ಅಂದುಕೊಂಡೆ ಎಂದೂ ಅಲ್ಲ. ಬಾಯಿಬಿಟ್ಟು, ಗಟ್ಟಿಯಾಗಿ ಎಂದೆ. ನನ್ನ ದನಿ ನನ್ನ ಕಿವಿಗೆ ಬಿತ್ತು. ಬಿದ್ದ ಕೂಡಲೇ, ಅಯ್ಯೋ ಏನಂದೆ ಎಂದುಕೊಂಡದ್ದೂ ನೆನಪಿದೆ.

ಅಷ್ಟರಲ್ಲಿ ಅಳಿಯಂದಿರು ಗಕ್ಕನೆ ಬ್ರೇಕ್ ಒತ್ತಿ ಕಾರನ್ನು ಎಡಕ್ಕೆ, ಹುಲ್ಲಿನ ಹಿಂದಕ್ಕೆ ಎಳೆದುಕೊಂಡರು. ಅದೇ ಕ್ಷಣ ಎದುರಿನಿಂದ ಒಂದು ಲಾರಿ, ನಾವು ಇರಬೇಕಾಗಿದ್ದ ಜಾಗದಲ್ಲೇ, ಬಂದು ದಾಟಿತು. ಗಾಳಿಗೆ ಕಾರು ಅಲುಗಾಡಿತು. ಹುಲ್ಲಿನ ಎಳೆಗಳು ಗಾಜಿನ ಮೇಲೆ ಬಿದ್ದವು. ಟ್ರ್ಯಾಕ್ಟರ್ ತನ್ನ ಪಾಡಿಗೆ ತಾನು ಹೋಯಿತು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಎಲ್ಲರೂ ಇಳಿದೆವು. ಅಳಿಯಂದಿರು ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದು, “ಮಾವಾರ, ನೀವು ಹೋಲ್ಡಾನ್ ಅನ್ನದಿದ್ರ ನಾವ್ಯಾರೂ ಉಳೀತಿದ್ದಿಲ್ರಿ” ಎಂದರು.

ತಮಾಷೆ ಮಾಡುವ ಮುಖ ಅದಾಗಿರಲಿಲ್ಲ. ಮಗಳ ಕಡೆ ನೋಡಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೀರು ಕುಡಿಯುತ್ತಿದ್ದಳು.

“ನಾ ಏನಂದ್ನವ್ವಾ?” ಎಂದೆ.

“ಹೋಲ್ಡಾನ್ ಹೋಲ್ಡಾನ್ ಅಂದಿ ಅಪ್ಪಾ. ಎರಡು ಸಲ.”

ರಾತ್ರಿ ಊಟವಾದ ಮೇಲೆ ನೀಲಮ್ಮನನ್ನು ಬೇರೆಯಾಗಿ ಕೇಳಿದೆ. “ನೀವ ಅಂದ್ರಲ್ರೀ, ಸರ್ವೀಸ್‌ನ್ಯಾಗ ಇದ್ದಾಗಿನ ದನೀಲೆ. ಮರತೀರೇನು?” ಎಂದಳು. ನಿಜ ಹೇಳಲು ಬಾಯಿ ತೆರೆದೆ. ಅವಳು ದೇವರ ಮುಂದೆ ಆಗಲೇ ಎರಡು ದೀಪ ಹಚ್ಚಿಟ್ಟಿದ್ದಳು. ನಾನು ಹಾಸಿಗೆ ಬಿಡಿಸಿ ಮಲಗಿದೆ.

ಗಾಬರಿಯಲ್ಲಿ ನನ್ನ ನೆನಪೇ ತಿರುವುಮುರುವಾಗಿರಬಹುದು ಎಂದು ನೀವು ಹೇಳಬಹುದು. ನಾನೂ ಅದನ್ನೇ ಬಹಳ ದಿನ ಹೇಳಿಕೊಂಡೆ. ಆದರೆ ಒಂದು ಸಣ್ಣ ವಿಷಯ ಅದಕ್ಕೆ ಅಡ್ಡ ಬರುತ್ತದೆ. ನನ್ನ ಇಡೀ ಸರ್ವಿಸಿನಲ್ಲಿ ನಾನು ಹೋಲ್ಡಾನ್ ಎಂದು ಎರಡು ಸಲ ಹೇಳಿದವನಲ್ಲ. ಬೇರೆ ಬೇರೆಯಾಗಿ ಕೇಳಿದಾಗಲೂ ಮೂವರೂ ಹೇಳಿದ್ದು ಎರಡು ಸಲ ಎಂದೇ. ಮಾತು ನನ್ನ ಬಾಯಿಂದ ಎರಡು ಸಲ ಹೊರಟಿದ್ದು ಖರೆ, ಅವರ ಕಿವಿಗೆ ಎರಡು ಸಲ ಬಿದ್ದದ್ದೂ ಖರೆ. ನಡುವೆ ಒಂದು ಮೊಳ ಜಾಗದಲ್ಲಿ ಅದು ಇನ್ನೊಂದು ಮಾತು ಹೇಗಾಯಿತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಮೊದಲಿನ ಹಾಗೆ ನಕ್ಕು ತಳ್ಳಿಹಾಕಲು ಧೈರ್ಯವಿಲ್ಲ, ದೇವರು ಕಾಯ್ದ ಎನ್ನಲು ನಾಲಿಗೆ ಏಳುವುದಿಲ್ಲ. ಕಾಯುವವನು ಮೊದಲು ನನ್ನ ಬಾಯನ್ನೇ ಕಟ್ಟಬಹುದಿತ್ತಲ್ಲ.

ಮೊಮ್ಮಗಳಿಗೆ ಈಗ ಮೂರು ದಾಟಿದೆ. ಅಳಿಯಂದಿರು ಪೂರ್ತಿ ಬದಲಾಗಿದ್ದಾರೆ. ಅಂಗಡಿಗೆ ಬಂದವರಿಗೆಲ್ಲ, ನಮ್ಮ ಮಾವಾರಿಂದ ಉಳಿದೆವು ಎಂದು ಹೇಳುತ್ತಾರಂತೆ. ಬೀಗರ ಮನೆಗೆ ಹೋದರೆ ನನಗೆ ಮಣೆ ಹಾಕಿ ಮೊದಲು ಬಡಿಸುತ್ತಾರೆ. ಅವರನ್ನು ಸಾವಿನ ಕಡೆಗೆ ಹೋಗಿ ಎಂದು ಕಳಿಸಿದವನು ನಾನು.

ಈಗಲೂ ಮುಂದೆ ಟ್ರ್ಯಾಕ್ಟರೋ ಲಾರಿಯೋ ಸಿಕ್ಕರೆ ಅಳಿಯಂದಿರು ನಿಧಾನ ಮಾಡಿ ನನ್ನ ಕಡೆ ನೋಡುತ್ತಾರೆ. “ಹೋಗ್ಲೇನ್ರಿ ಮಾವಾರ?” ಎಂದು ಕೇಳಿ ಕಾಯುತ್ತಾರೆ. ನಾನು ತುಟಿ ಬಿಚ್ಚುವುದಿಲ್ಲ. ನನ್ನ ಬಾಯಿಂದ ಏನು ಬರುತ್ತದೆಂಬ ಭರವಸೆ ನನಗಿಲ್ಲ, ಬಂದದ್ದು ಅವರಿಗೆ ಏನೆಂದು ಕೇಳಿಸುತ್ತದೋ ಅದೂ ಗೊತ್ತಿಲ್ಲ. ನಾನು ಉತ್ತರ ಕೊಡದಿದ್ದರೆ ಅವರು ದಾಟುವುದಿಲ್ಲ. ಮಸ್ಕಿಯವರೆಗೂ ನಮ್ಮ ಕಾರು ಟ್ರ್ಯಾಕ್ಟರಿನ ಹಿಂದೆಯೇ ಹೋಗುತ್ತದೆ.