ಗುಡಾರಕ್ಕೊಂದು ನೆಲ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಚೆನ್ನವೀರಯ್ಯನವರು ವರ್ಷಕ್ಕೊಮ್ಮೆ ಸಹೋದ್ಯೋಗಿಗಳ ಕುಟುಂಬಗಳನ್ನು ಬನ್ನೇರುಘಟ್ಟದ ಕಾಡಂಚಿಗೆ ಕರೆದೊಯ್ದು, ದನ ಮೇಯಲು ಸರ್ಕಾರ ಬಿಟ್ಟ ಗೋಮಾಳದಲ್ಲಿ ಗುಡಾರ ಹಾಕಿಸುತ್ತಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಹೋದಾಗ ಆ ಗೋಮಾಳದ ಸುತ್ತ ತಂತಿಬೇಲಿ ಹಾಕಲಾಗಿತ್ತು. ಸಂಜೆಯ ಲಿಂಗಪೂಜೆಗೆ ನೀರು ಹತ್ತಿರವಿರಲೆಂದು ಅವರು ಈ ಸಲ ಬೇಲಿಯಾಚೆಯ ಕೆರೆಯಂಚನ್ನು ಆರಿಸಿದರು. ಗೂಟ ಬಡಿಯುವಷ್ಟರಲ್ಲಿ ದನ ಕಾಯುವ ಮುದುಕಿಯೊಬ್ಬಳು ತಡೆದಳು.

“ಇಲ್ಯಾಕ್ ಮಲಗ್ತೀರಾ ಸಾಮಿ? ಆನೆ ನೀರ್ಗೆ ಬರೋ ದಾರಿ ಇದು. ಅವ್ಕೇನ್ ಬೇರೆ ದಾರಿ ತೋರುಸ್ತೀರಾ?”

“ಬೇರೆ ಸರ್ಕಾರಿ ಜಾಗ ಎಲ್ಲಿದೆಯಮ್ಮ?”

“ಎಲ್ಲಾ ಸೈಟಾಗೋಯ್ತು. ಕೊನೇ ಬಸ್ಸೂ ಓಯ್ತು.”

ಹೊತ್ತು ಮುಳುಗುತ್ತಿತ್ತು. ಹದಿನಾರು ಮಂದಿ ಅವರ ಮುಖವನ್ನೇ ನೋಡುತ್ತಿದ್ದರು. ಚೆನ್ನವೀರಯ್ಯನವರು ಪೂಜೆಯನ್ನು ಕೈಬಿಟ್ಟು, ಮಕ್ಕಳನ್ನು ಮುಂದಿಟ್ಟುಕೊಂಡು ಬಂದ ದಾರಿಯಲ್ಲೇ ನಡೆಯತೊಡಗಿದರು. ಎಲ್ಲಿಗೆಂದು ಜೊತೆಯಲ್ಲಿದ್ದ ಹೆಂಡತಿ ಕೇಳಿದಾಗ ಅವರು ಗುಡಾರದ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದೆ ನಡೆದರು.