ಹಾಡು ಹಾಕದ ಕ್ಯಾಸೆಟ್

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಮುರುಗಪ್ಪನ ಕೊಬ್ಬರಿ ಅಂಗಡಿಗೆ ಒತ್ತಿಕೊಂಡಂತೆ ದಯಾನಂದನ ಅಂಗಡಿ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಮೊಬೈಲಿನಲ್ಲಿ ನೋಡುವ ಫೈಲಾಗಿ ಮಾಡಿಕೊಡುವುದು ಅವನ ಕಸುಬು. ಒಂದು ಕಾಲಕ್ಕೆ ಆ ಮದುವೆಗಳನ್ನು ಕ್ಯಾಮೆರಾದಲ್ಲಿ ಹಿಡಿದವನೂ ಅವನೇ. ತಾನು ಮಾರಿದ ಸರಕನ್ನು ಇಪ್ಪತ್ತೈದು ವರ್ಷದ ಮೇಲೆ ತಾನೇ ನೇರ್ಪು ಮಾಡಿಕೊಡುವ ಯೋಗ ಎಲ್ಲ ವ್ಯಾಪಾರಿಗಳಿಗೂ ಇರುವುದಿಲ್ಲ. ಕೊಬ್ಬರಿಯವರಿಗಂತೂ ಇಲ್ಲವೇ ಇಲ್ಲ.

ಕ್ಯಾಸೆಟ್ ಕೊಟ್ಟು ಟೀ ಕುಡಿದು ಬರುವಷ್ಟರಲ್ಲಿ ಪೆನ್‌ಡ್ರೈವ್ ಕೈಗೆ ಬರುತ್ತದೆಂದು ಜನ ತಿಳಿದಿದ್ದಾರೆ. ಹಾಗಲ್ಲ. ಮೂರು ಗಂಟೆಯ ಕ್ಯಾಸೆಟ್ ಮೂರು ಗಂಟೆಯೇ ಓಡಬೇಕು. ಹಳೆಯ ವಿಸಿಆರ್‌ನಿಂದ ಕಂಪ್ಯೂಟರಿಗೆ ವೈರು ಕೊಟ್ಟು, ಬೂಷ್ಟು ಹಿಡಿದ ಟೇಪು ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಪಕ್ಕದಲ್ಲೇ ಕಾಯಬೇಕು. ಅದೆಲ್ಲ ಇಳಿದ ಮೇಲೆ ಎಂಪಿ ಫೋರ್‌ಗೆ ಬದಲಾಯಿಸುವುದು ಇನ್ನೊಂದು ಸುತ್ತು. ಹೀಗಾಗಿ ದಯಾನಂದ ದಿನವೂ ಯಾರದೋ ಮದುವೆಯಲ್ಲಿ ಕೂತಿರುತ್ತಾನೆ. ಧಾರೆ ನೋಡುತ್ತಾನೆ, ಪಂಕ್ತಿಯ ಮೇಲೆ ಪಂಕ್ತಿ ಏಳುವುದನ್ನು ನೋಡುತ್ತಾನೆ, ಆಮೇಲೆ ತನ್ನ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಾನೆ.

ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ: ಕ್ಯಾಸೆಟ್ಟಿಗೆ ಹಾಡು ಹಾಕಿಸಿದ್ದಿರೋ, ಹಾಗೇ ಬಿಟ್ಟಿದ್ದಿರೋ? ಹಾಕಿಸಿದ್ದರೆ ಮುಂದಿನ ವಾರ ಬರಬೇಕು. ಹಾಕಿಸದಿದ್ದರೆ ಇಂದೇ ಮಾಡಿಕೊಡುತ್ತಾನೆ. ಮೊದಲು ಬಂದವನನ್ನು ಹಿಂದೆ ಕೂರಿಸುವ ಅಂಗಡಿ ಹಿರಿಯೂರಿನಲ್ಲಿ ಇದೊಂದೇ ಎಂದು ಮುರುಗಪ್ಪ ತನ್ನ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ. ಕಾರಣ ಮಾತ್ರ ಅವನಿಗೂ ಗೊತ್ತಿರಲಿಲ್ಲ.

ದಯಾನಂದನ ಹೆಂಡತಿ ಯಶೋದಾ ತೀರಿಕೊಂಡು ಹನ್ನೊಂದು ವರ್ಷ. ಫೋಟೋಕ್ಕೇನೂ ಬರವಿಲ್ಲ, ಸ್ಟುಡಿಯೋದವನ ಹೆಂಡತಿ. ಇಲ್ಲದ್ದು ದನಿ. ಮದುವೆ ಸೀಸನ್ನಿನ ನಡುವೆ ಲೈಟ್ ಹಿಡಿಯುವವನು ಕೈಕೊಟ್ಟಾಗ ಆ ಜಾಗಕ್ಕೆ ನಿಂತವಳು ಅವಳು. ಏಳೆಂಟು ವರ್ಷ ಹೊಸದುರ್ಗ, ಹೊಳಲ್ಕೆರೆ, ಧರ್ಮಪುರ ಎಂದು ಕಂಡವರ ಮದುವೆಗಳಲ್ಲೆಲ್ಲ ಸುಡುವ ಹ್ಯಾಲೋಜನ್ ದೀಪವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಲೈಟ್ ಹಿಡಿದವರು ಚಿತ್ರದಲ್ಲಿ ಬರಕೂಡದು ಎಂಬುದು ಕಸುಬಿನ ಕಟ್ಟಳೆ. ಸೆರಗಿನ ಅಂಚು ಕಂಡರೂ ದಯಾನಂದ ಗದರುತ್ತಿದ್ದ, ಆಮೇಲೆ ಆ ತುಣುಕನ್ನು ಕತ್ತರಿಸುತ್ತಿದ್ದ. ಉಳಿದ ಮಾತುಕತೆಯ ಮೇಲೆಲ್ಲ ಸಿನಿಮಾ ಹಾಡು ತುಂಬುತ್ತಿದ್ದ. ತುಂಬಿದಷ್ಟೂ ಗಿರಾಕಿಗೆ ಖುಷಿ. ಯಾರ ತಕರಾರೂ ಬರದಂತೆ ಸ್ವಂತ ಹೆಂಡತಿಯ ದನಿಯನ್ನು ಅರ್ಧ ಜಿಲ್ಲೆಯಿಂದ ಒರೆಸಿಹಾಕಿದ್ದ. ಕೆಲಸದಲ್ಲಿ ಅವನು ಅಷ್ಟು ಅಚ್ಚುಕಟ್ಟು.

ಹೋದ ಶ್ರಾವಣದಲ್ಲಿ ಧರ್ಮಪುರದಾಚೆಯ ಕುರಿಹಟ್ಟಿಯಿಂದ ಚಿತ್ತಮ್ಮ ಎಂಬ ಮುದುಕಿ ಬಂದಳು, ಜೊತೆಗೆ ಮಗಳ ಮಗಳು ಕೀರ್ತನಾ. ತಂದೆ ತಾಯಿಯ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ಅದರ ವಿಡಿಯೋವನ್ನು ಎಲ್ಲರ ಮೊಬೈಲಿಗೂ ಕಳಿಸಬೇಕೆಂದು ಹುಡುಗಿಯ ಆಸೆ. ದಯಾನಂದ ತನ್ನ ಪ್ರಶ್ನೆ ಕೇಳಿದ. ಚಿತ್ತಮ್ಮ ಅವನನ್ನೇ ದಿಟ್ಟಿಸಿದಳು.

"ನಮ್ಮ ಹಟ್ಟೀಲಿ ಹಾಡೋರು ಸತ್ತಿದ್ರೇನಪ್ಪ, ಸಿನಿಮಾದೋರ್ನ ಕರೆಸಾಕೆ? ಆವತ್ತೇ ನಿಂಗೆ ಬೈದಿದ್ದೆ. ಮರ್ತ್ಯಾ?"

ನೆನಪಾಯಿತು. ಸೋಬಾನೆ ಪದ ಹಟ್ಟಿಯ ಬೋರಕ್ಕನ ಗುಂಪಿನದೇ ಇರಬೇಕು, ಬೇರೆ ಹಾಡು ಬೆರೆಸಿದರೆ ಕ್ಯಾಸೆಟ್ಟೇ ಬೇಡ ಎಂದು ಈ ಹೆಂಗಸು ಹಟ ಹಿಡಿದಿದ್ದಳು. ಕಸುಬು ಕಲಿಸಲು ಬಂದಳೆಂದು ಅವನಿಗೂ ಸಿಟ್ಟು ಬಂದು, ಒಂದು ತುಣುಕನ್ನೂ ಕತ್ತರಿಸದೆ ತೆಗೆದದ್ದನ್ನು ತೆಗೆದ ಹಾಗೇ ಕೊಟ್ಟು ಕೈತೊಳೆದುಕೊಂಡಿದ್ದ.

ಅಜ್ಜಿ, ಮೊಮ್ಮಗಳು ಸೀರೆ ಅಂಗಡಿಗೆ ಹೋದರು. ದಯಾನಂದ ಕ್ಯಾಸೆಟ್ ಹಾಕಿ ಕೂತ. ಬೋರಕ್ಕನ ಗುಂಪು ಹಾಡಿತು, ನಡುನಡುವೆ ಕೆಮ್ಮಿತು. ಯಾರೋ ಉಪ್ಪು ಕೇಳಿದರು. ಜನರೇಟರಿನ ಸದ್ದು ಬಿಡದೆ ಇತ್ತು. ಒಂದೂವರೆ ಗಂಟೆ ಕಳೆದ ಮೇಲೆ, ಹಸೆಯ ಮುಂದೆ ಮದುಮಗಳು ತಲೆ ಬಗ್ಗಿಸಿದ್ದಾಗ, ಅವನದೇ ಪ್ರಾಯದ ದನಿ ಗದರಿತು:

"ಲೇ ಯಶೋದಾ, ಸೆರಗು ಬರ್ತೈತೆ. ಹಿಂದಕ್ಕೆ ಹೋಗು."

"ಇನ್ನೆಲ್ಲಿಗೆ ಹೋಗ್ಲಿ ರೀ? ಹಿಂದೆ ಗೋಡೆ ಐತೆ."

ಹಾಡುವ ಹೆಂಗಸರು ನಕ್ಕರು. ಬೆಳಕು ಸ್ವಲ್ಪ ಅಲ್ಲಾಡಿತು, ಅವಳೂ ನಕ್ಕಿರಬೇಕು. ಮತ್ತೆ ಸೋಬಾನೆ. ಉಳಿದ ಕ್ಯಾಸೆಟ್ಟನ್ನು ಅವನು ಸ್ಪೀಕರಿಗೆ ಕಿವಿಯಿಟ್ಟು ಕೇಳಿದ. ಮುಂದೆ ಅವಳು ಮಾತಾಡಲೇ ಇಲ್ಲ.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಅಜ್ಜಿಯೊಂದಿಗೆ ಹಿಂತಿರುಗಿದ ಕೀರ್ತನಾ ಫೈಲನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಹಸೆಯ ದೃಶ್ಯ ಬಂದಾಗ ಅಲ್ಲೇ ನಿಲ್ಲಿಸಿದಳು. ಅಮ್ಮನ ಮುಖ ಚೆಂದ ಬಂದಿರುವ ಜಾಗದಲ್ಲೇ ಯಾರೋ ಕೂಗಾಡುತ್ತಾರಲ್ಲ, ಅಷ್ಟಕ್ಕೊಂದು ಹಾಡು ಹಾಕಿ ಮುಚ್ಚಿಕೊಡಿ ಅಂಕಲ್ ಎಂದು ಕೇಳಿದಳು. ಐದು ನಿಮಿಷದ ಕೆಲಸ. ಜೀವಮಾನವೆಲ್ಲ ಅದನ್ನೇ ಮಾಡಿದ್ದ.

"ಅದು ಬರಲ್ಲಮ್ಮ," ಎಂದ ದಯಾನಂದ.

ಯಾಕೆ ಬರುವುದಿಲ್ಲ ಎಂದು ಹುಡುಗಿ ಬಿಡಲಿಲ್ಲ. ತಾನೇ ಮೊಬೈಲಿನಲ್ಲಿ ಮಾಡಿಕೊಳ್ಳುತ್ತೇನೆ ಎಂದಳು. ಇಷ್ಟು ಹೊತ್ತೂ ದಯಾನಂದನ ಮುಖ ನೋಡುತ್ತಿದ್ದ ಚಿತ್ತಮ್ಮ ಕೇಳಿದಳು:

"ಆ ಹೆಣ್ಮಗಳು ಯಾರಪ್ಪ, ನಿಮ್ಮ ಮನೇರಾ?"

"ಹೂಂ ಅವ್ವ."

"ಈಗ ಅದಾರಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಮುದುಕಿ ಪೆನ್‌ಡ್ರೈವನ್ನು ಎಲೆಅಡಿಕೆ ಚೀಲದೊಳಗೆ ಇಳಿಸಿಕೊಂಡು ಮೊಮ್ಮಗಳಿಗೆ, "ಇರ್ಲಿ ಬಿಡೆ, ಮುಟ್ಟಬ್ಯಾಡ. ಗೋಡೆ ಇದ್ದಿದ್ದು ದಿಟ. ಆವಾಗಿನ ನಮ್ಮನೆ ಅಷ್ಟೇ ಇತ್ತು," ಎಂದಳು. ಧರ್ಮಪುರದ ಬಸ್ಸಿಗೆ ಹೊತ್ತಾಗಿತ್ತು.

ಅವರು ಹೋದ ಮೇಲೆ ದಯಾನಂದ ಆ ತುಣುಕನ್ನು ಬೇರೆ ಫೈಲು ಮಾಡಿದ. ಎಲ್ಲ ಸೇರಿ ಏಳು ಸೆಕೆಂಡು. ತನ್ನ ಗದರಿಕೆಯನ್ನು ಕೇಳಲಾರದೆ ಅದನ್ನು ಕತ್ತರಿಸಿ ಮತ್ತೆ ಹಾಕಿದ. ಈಗ ಅವಳ ಮಾತೊಂದೇ ಬಂತು, ಇನ್ನೆಲ್ಲಿಗೆ ಹೋಗ್ಲಿ ರೀ ಎಂದು. ಯಾರನ್ನು ಕೇಳುತ್ತಿದ್ದಾಳೆಂದೇ ತಿಳಿಯದಂತೆ ಆ ಪ್ರಶ್ನೆ ಖಾಲಿ ಅಂಗಡಿಯಲ್ಲಿ ನಿಂತಿತು. ದಯಾನಂದ ಕತ್ತರಿಸಿದ್ದ ತನ್ನ ಗದರಿಕೆಯನ್ನು ಮೊದಲಿದ್ದ ಜಾಗಕ್ಕೇ ತಂದು ಜೋಡಿಸಿದ.