ಶುಕ್ರವಾರದ ಹಿತ್ತಾಳೆ ತಟ್ಟೆ

ನಾನು ಆಫೀಸಿನಲ್ಲಿ ಟೀ ಮಾಡುತ್ತಿದ್ದೆ ಎಂದಷ್ಟೇ ನಿಮಗೆ ಗೊತ್ತು. ಅಲ್ಲಿಯ ಸರ್ವರನ್ನು ನಾಲ್ಕು ಶುಕ್ರವಾರ ಬೀಳಿಸಿದವಳೂ ನಾನೇ. ಎದುರು ಕೂತು ಹೇಳುವುದು ನನ್ನಿಂದ ಆಗದು ಮಕ್ಕಳಾ, ಅದಕ್ಕೆ ಬರೆದಿಡುತ್ತೇನೆ.

ನಿಮ್ಮ ತಾತ ತೀರಿಹೋದ ಮೇಲೆ ಬೈಯಪ್ಪನಹಳ್ಳಿಯಿಂದ ಮೆಟ್ರೋ ಹಿಡಿದು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಂಪನಿಗೆ ಹೋಗುತ್ತಿದ್ದೆ. ಮನೆ ಬದಲಿಸುವವರು ಸಾಮಾನು ಸಾಗಿಸಲು ಫೋನಿನಲ್ಲೇ ಲಾರಿ ಗೊತ್ತುಮಾಡಿಕೊಳ್ಳಬಹುದಾದ ಕಂಪನಿ ಅದು. ಹಜಾರದ ಗೋಡೆಯಲ್ಲಿ ದೊಡ್ಡ ಟಿವಿ ಇತ್ತು. ಯಾವ ಲಾರಿ ಎಲ್ಲಿದೆ ಎಂದು ತೋರಿಸುವ ಪುಟ ಅದರಲ್ಲಿ ದಿನವಿಡೀ ತೆರೆದಿರುತ್ತಿತ್ತು. ಟಿವಿಯ ಕೆಳಗೆ ಒಂದು ಕಿರಿದಾದ ಹಲಗೆ. ಅದರ ಮೇಲೆ ಲಕ್ಷ್ಮಿಯ ಪಟ, ಪಟದ ಮುಂದೆ ಆ ಟಿವಿಯ ಕೀಬೋರ್ಡು.

ಶುಕ್ರವಾರ ಆ ಪಟಕ್ಕೆ ಪೂಜೆ ಮಾಡುವುದನ್ನು ನಾನಾಗಿಯೇ ವಹಿಸಿಕೊಂಡಿದ್ದೆ. ಗಂಡನಿಲ್ಲದವಳು ಆರತಿ ಎತ್ತಿದರೆ ನಮ್ಮೂರಿನಲ್ಲಿ ಮುಖ ತಿರುಗಿಸುತ್ತಿದ್ದರು. ಇಲ್ಲಿ ಯಾರೂ ಕೇಳಲಿಲ್ಲ. ಆರತಿ ಮುಗಿಸಿ, ಬೇಕಾದವರು ಕುಂಕುಮ ತೆಗೆದುಕೊಳ್ಳಲಿ ಎಂದು ತಟ್ಟೆಯನ್ನು ಕೀಬೋರ್ಡಿನ ಮೇಲೆಯೇ ಇಟ್ಟು, ಟೀ ಕಾಯಿಸಲು ಹೋಗುತ್ತಿದ್ದೆ. ಮೊದಲು ಹಗುರವಾದ ಸ್ಟೀಲ್ ತಟ್ಟೆ ಇತ್ತು. ಆಮೇಲೆ ಶಿವಾಜಿನಗರದಿಂದ ಹಿತ್ತಾಳೆಯದನ್ನು ತಂದೆ.

ಆ ತಿಂಗಳಿಂದ ಶುಕ್ರವಾರ ಬೆಳಗ್ಗೆ ಸರ್ವರ್ ಬೀಳತೊಡಗಿತು. ಲಾರಿ ಸಿಗದವರು ಫೋನ್ ಮಾಡಿ ಕೂಗಾಡುತ್ತಿದ್ದರು. ಬೈಗುಳವೆಲ್ಲ ಧಾರವಾಡದ ಕಡೆಯ ಒಬ್ಬ ಹುಡುಗಿಯ ತಲೆಗೆ. ಟಿವಿಯ ಪುಟವನ್ನು ಅದೇ ತಿಂಗಳು ಹೊಸದಾಗಿ ಬರೆದವಳು ಅವಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೂರನೆಯ ಸಲ ಬಿದ್ದ ದಿನ ನನ್ನ ಒಲೆಯ ಪಕ್ಕ ಬಂದು ನಿಂತಳು.

“ಅವ್ವಾ, ಸರ್ವರ್ ಒಳಗ ಐವತ್ತು ಥ್ರೆಡ್ ಅದಾವು. ಐವತ್ತು ಆಳು ಅಂತ ತಿಳ್ಕೋರಿ. ಒಬ್ರು ಏನರ ಕೇಳಿದ್ರ ಒಬ್ಬ ಆಳು ಹುಡುಕಾಕ ಹೋಗ್ತಾನ. ಶುಕ್ರವಾರ ನೋಡಿದ್ರ ಐವತ್ತೂ ಮಂದಿ ನನ್ನ ಪುಟದ್ದ ಹುಡುಕ್ಕೋತ ಕುಂತಿರ್ತಾರ. ಬ್ಯಾರೆಯವ್ರಿಗೆ ಆಳೇ ಇಲ್ಲ.”

“ಯಾರಮ್ಮ ಅದನ್ನ ಅಷ್ಟೊಂದ್ಸಲ ಕೇಳೋರು?”

“ಆಫೀಸಿನ ಒಳಗಿಂದನ ಯಾರೋ. ಎಲ್ಲಾರನೂ ವಿಚಾರಿಸಿದೆ, ಯಾರೂ ಒಪ್ಪವಲ್ರು. ಬರೋ ಶುಕ್ರವಾರನೂ ಬಿದ್ರ ನಾ ಗಂಟು ಕಟ್ಟೂದ.”

ನನ್ನನ್ನು ಅವಳು ವಿಚಾರಿಸಲಿಲ್ಲ. ನನಗೂ ಏನೂ ಹೊಳೆಯಲಿಲ್ಲ. ಮುಂದಿನ ಶುಕ್ರವಾರ ಅವಳಿಗಾಗಿ ಎರಡು ಮೊಳ ಹೂ ಹೆಚ್ಚಿಗೆ ತಂದು ಪೂಜೆ ಮಾಡಿ, ತಟ್ಟೆ ಇಟ್ಟು ಹೋದೆ.

ಹಾಲು ಕಾಯುವಷ್ಟರಲ್ಲಿ ಹೊರಗೆ ಕೂಗು ಕೇಳಿತು. “ಮತ್ತೆ ಬಿತ್ತು ಗುರು!”

ಗಲಾಟೆಯಲ್ಲಿ ಯಾರ ಕೈಯಾದರೂ ತಾಗೀತೆಂದು ತಟ್ಟೆ ಎತ್ತಲು ಹೋದೆ. ಟಿವಿ ಬೆಳ್ಳಗೆ ಮಿಟುಕುತ್ತಿತ್ತು. ಹಿಂದೆಯೂ ನೋಡಿದ್ದೆ, ಅದರ ಸ್ವಭಾವವೇ ಹಾಗೆಂದುಕೊಂಡಿದ್ದೆ. ತಟ್ಟೆ ಎತ್ತಿದೆ, ಮಿಟುಕುವುದು ನಿಂತಿತು. ಇಟ್ಟೆ, ಮತ್ತೆ ಶುರುವಾಯಿತು. ಬಗ್ಗಿ ನೋಡಿದರೆ ತಟ್ಟೆಯ ಭಾರಕ್ಕೆ ಮೇಲಿನ ಸಾಲಿನ ಒಂದು ಗುಂಡಿ ಒತ್ತಿಕೊಂಡಿತ್ತು.

ತಟ್ಟೆ ಇಳಿಸಿಟ್ಟೆ. ಹಾಗೇ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದೆ ಸರ್ವರ್ ಬೀಳುತ್ತಲೂ ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಹೋಗಿರುತ್ತಿದ್ದಳು.

ಗಾಜಿನ ಕೋಣೆಯಲ್ಲಿ ಮ್ಯಾನೇಜರು, ಹುಡುಗಿ, ಅವಳ ತಂಡದ ಹಿರಿಯ ಇದ್ದರು. ಟೀ ಇಲ್ಲದೆ ಆ ಕೋಣೆಗೆ ನಾನು ಎಂದೂ ಕಾಲಿಟ್ಟವಳಲ್ಲ. ಮೂರು ಲೋಟ ಹಿಡಿದು ಹೋದೆ.

“ಈಗ ಟೀ ಬೇಡಮ್ಮ” ಎಂದರು ಮ್ಯಾನೇಜರು.

“ತಟ್ಟೆ… ನಂದೇ ತಟ್ಟೆ ಸಾರ್” ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಲೋಟಗಳನ್ನು ಇಟ್ಟು, ಹುಡುಗಿಯ ಕೈ ಹಿಡಿದು ಹೊರಗೆ ಕರೆತಂದೆ. ಮಿಕ್ಕಿಬ್ಬರೂ ಹಿಂದೆ ಬಂದರು. ಸರ್ವರನ್ನು ಆಗಲೇ ಮತ್ತೆ ಎಬ್ಬಿಸಿದ್ದರು. ತಟ್ಟೆಯನ್ನು ಕೀಬೋರ್ಡಿನ ಮೇಲಿಟ್ಟೆ. ಅವಳು ಒಮ್ಮೆ ಟಿವಿ ನೋಡಿ, ಒಮ್ಮೆ ತನ್ನ ಲ್ಯಾಪ್‌ಟಾಪ್ ನೋಡಿದಳು.

“ಪುಟಾನ ಮತ್ತ ಮತ್ತ ಕೇಳೂ ಗುಂಡಿ ಅದು! ಹನ್ನೆರಡು… ಮೂವತ್ತು… ಐವತ್ತೂ ಹೋದ್ವು! ತೆಗೀರಿ ಅವ್ವಾ, ತೆಗೀರಿ!”

ಹಿರಿಯನಿಗೆ ನಗು ತಡೆಯಲಾಗಲಿಲ್ಲ. “ಲಕ್ಷ್ಮೀನೇ ಕ್ರ್ಯಾಶ್ ಮಾಡಿಸಿದ್ದಾಳೆ! ಈಗ ಯಾರ ಮೇಲೆ ಕಂಪ್ಲೇಂಟ್ ಹಾಕೋದು?”

ಮ್ಯಾನೇಜರು ನಗಲಿಲ್ಲ. “ಇನ್ಮೇಲೆ ಈ ಪೂಜೆ ಎಲ್ಲಾ ಬೇಡಮ್ಮ.”

ತಲೆಯಾಡಿಸಿದೆ. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದೆ.

ಹುಡುಗಿ ಅಷ್ಟಕ್ಕೆ ಬಿಟ್ಟಿದ್ದರೆ ಅವಳ ತಲೆಯ ಮೇಲಿನ ಅಪವಾದ ಇಳಿಯುತ್ತಿತ್ತು. ಅವಳು ಬಿಡಲಿಲ್ಲ. “ಸರ್, ನಂದೂ ತಪ್ಪೈತ್ರಿ. ಕೇಳಿದವ್ರು ಎದ್ದು ಹೋದ್ರೂ ಆಳುಗಳು ಹುಡುಕೋದು ಬಿಡವಲ್ರು. ಹಂಗ ಬರದೀನಿ ನಾ. ಒಂದು ತಟ್ಟಿಗೆ ಬೀಳೂ ಸರ್ವರ್ ನಾಳೆ ಯಾರಿಂದರ ಬೀಳತೈತಿ. ಒಂದು ವಾರ ಕೊಡ್ರಿ. ಮುಂದಿನ ಶುಕ್ರವಾರ ಅವ್ವಾರು ಅಲ್ಲೇ ತಟ್ಟಿ ಇಡಲಿ.”

ಅವರು ಒಪ್ಪಿದರು. ಟಿವಿಯ ಪುಟಕ್ಕೆ ಐದು ಆಳುಗಳಿಗಿಂತ ಹೆಚ್ಚು ಹೋಗದ ಹಾಗೆ, ಹೋದವರೂ ಹೊತ್ತು ಮೀರಿದರೆ ಕೆಲಸ ಬಿಟ್ಟು ವಾಪಸು ಬರುವ ಹಾಗೆ ಆ ವಾರದಲ್ಲಿ ಅವಳು ಬರೆದಳು.

ಶುಕ್ರವಾರ ಎಲ್ಲರೂ ಟಿವಿಯ ಸುತ್ತ ನಿಂತಿದ್ದರು. ಅಷ್ಟು ಜನರ ಮುಂದೆ ನಾನು ಆರತಿ ಎತ್ತಿದ್ದು ಅದೇ ಮೊದಲು. ತಟ್ಟೆ ಇಟ್ಟೆ. ಟಿವಿ ಮಿಟುಕತೊಡಗಿತು.

“ಮೂರು… ನಾಕು… ಐದು” ಎಂದು ಹುಡುಗಿ ಓದಿದಳು. ಸ್ವಲ್ಪ ಹೊತ್ತು ಬಿಟ್ಟು, “ಐದ ಅದಾವ್ರಿ ಸರ್.”

ಕಾಲು ಗಂಟೆ ಹಾಗೇ ನಿಂತಿದ್ದೆವು. ಒಂದು ಫೋನೂ ಬರಲಿಲ್ಲ.

“ಅಮ್ಮಾ, ಮನೇಲಿ ಇದಕ್ಕಿಂತ ಭಾರದ್ದು ಇದ್ಯಾ?” ಎಂದ ಹಿರಿಯ.

ಮ್ಯಾನೇಜರು ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು ಹಣೆಗೆ ಇಟ್ಟುಕೊಂಡರು. ಖಾಯಂ ಆದ ಕಾಗದಕ್ಕೆ ಮಧ್ಯಾಹ್ನ ಬಂದು ಸಹಿ ಹಾಕು ಎಂದು ಹುಡುಗಿಗೆ ಹೇಳಿ ಒಳಗೆ ಹೋದರು. ಪೂಜೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸಂಜೆ ಹುಡುಗಿ ಕೀಬೋರ್ಡನ್ನು ಬಿಚ್ಚಿ ಮೇಜಿನ ಖಾನೆಗೆ ಹಾಕಿದಳು. ತಟ್ಟೆಗೆ ಜಾಗ ಆಯಿತು.